ಸೀತಾಳೆದಂಡೆ

ತುಳುನಾಡಿನಲ್ಲಿ ವೃಷಭ ಮಾಸದ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸುತ್ತವೆ. ಕೃಷಿಕನು ಮಳೆಯ ಹಾದಿಯನ್ನು ಕಾಯತೊಡಗುತ್ತಾನೆ. ಮೇ ತಿಂಗಳ ಕೊನೆಯ ಈ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬ ಸೀಮೆಯ ಹಳೆಯ ಮರಗಳ ಮೇಲೆ ಮತ್ತೊಂದು ವೇಷವು ರಂಗಕ್ಕೆ ಬರುತ್ತದೆ. ಒರಟು ಕೊಂಬೆಗಳಿಂದ ನಸುಗೆಂಪು ಹೂಗಳ ಜಡೆಗಳು ಇಳಿಬೀಳುತ್ತವೆ. ಇದೇ ಸೀತಾಳೆದಂಡೆ. ವನವಾಸದಲ್ಲಿ ಸೀತಾದೇವಿಯು ಮುಡಿದ ದಂಡೆಯಿದು ಎಂದು ಜನರ ನಂಬಿಕೆ. ದೂರದ ಅಸ್ಸಾಮಿನಲ್ಲಿ ಇದೇ ಹೂವು ಬಿಹು ಕುಣಿತದ ತರುಣಿಯರ ಮುಡಿಯನ್ನೇರಿ, ರಾಜ್ಯಪುಷ್ಪವೆಂಬ ಗೌರವಕ್ಕೂ ಪಾತ್ರವಾಗಿದೆ.

ಪುತ್ತೂರಿನ ಅಡಿಕೆ ತೋಟಗಳನ್ನು ದಾಟಿ, ಪಯಸ್ವಿನಿಯ ದಡದ ಸುಳ್ಯವನ್ನು ಹಾದು, ಕುಮಾರಧಾರೆ ಹರಿಯುವ ಕಡಬ ಸೀಮೆಯನ್ನು ಸೇರುವಾಗ ಘಟ್ಟದ ಕಾಡು ಸಮೀಪಿಸುತ್ತದೆ. ತೋಟದಂಚಿನ ಹಲಸಾಗಲಿ, ಕಾಡಿನ ಹೆಬ್ಬಲಸಾಗಲಿ, ಈ ಗಿಡಕ್ಕೆ ಭೇದವಿಲ್ಲ. ಹಳೆಯ ತೊಗಟೆ, ಜಾಲರಿಯಂತೆ ಸೋಸಿ ಬರುವ ಬಿಸಿಲು, ತೇವದ ಗಾಳಿ ಇವಿಷ್ಟೇ ಅದರ ಬೇಡಿಕೆ.

ಎಲೆಗಳು ದಪ್ಪ, ನೀಳ. ನಡುವೆ ದೋಣಿಯಂತೆ ತಗ್ಗು. ಬೆರಳಿನಂಥ ಬೇರುಗಳು ಒಣಗಿದ್ದಾಗ ಬೆಳ್ಳಿಯ ಬಣ್ಣ, ಮಳೆ ತಾಗಿದೊಡನೆ ಹಸಿರು. ಬೇರಿನ ಮೇಲಿರುವ ಬೆಂಡಿನಂಥ ಹೊದಿಕೆಯು ನೀರನ್ನು ಹೀರಿಟ್ಟುಕೊಳ್ಳುತ್ತದೆ. ಒಂದೊಂದು ಜಡೆಯಲ್ಲಿ ನೂರಕ್ಕೂ ಮಿಕ್ಕ ಪುಟ್ಟ ಹೂಗಳಿರುವುದುಂಟು. ಬಿಳಿಯ ಎಸಳಿನ ಮೇಲೆ ನೇರಳೆ ಚುಕ್ಕೆ, ನಡುವಿನ ತುಟಿಗೆ ಗಾಢವಾದ ಬಣ್ಣ.

೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ 'ಹೋರ್ಟಸ್ ಮಲಬಾರಿಕಸ್' ಎಂಬ ಡಚ್ಚರ ಕಾಲದ ಗ್ರಂಥದಲ್ಲಿ ಇದರ ಚಿತ್ರವಿದೆ. ಅಲ್ಲಿ ಇದರ ಹೆಸರು 'ಆಂಜೆಲಿ ಮರವರ'. ಆಂಜಿಲಿಯೆಂದರೆ ಮಲಯಾಳದಲ್ಲಿ ಹೆಬ್ಬಲಸು. 'ಮರವಾಳ' ಎಂಬುದು ಕನ್ನಡದ 'ಮರಬಾಳೆ'ಯ ಒಡಹುಟ್ಟು. ೧೭೫೩ರಲ್ಲಿ ಲಿನೇಯಸನು ಈ ಗಿಡಕ್ಕೆ 'ರೆಟ್ಯೂಸ' ಎಂಬ ವಿಶೇಷಣವನ್ನಿತ್ತನು. ತುದಿಯಲ್ಲಿ ಕಚ್ಚು ಬಿದ್ದದ್ದು ಎಂದು ಅದರರ್ಥ. ಇಂದಿನ ಶಾಸ್ತ್ರೀಯ ನಾಮ 'ರಿಂಕೋಸ್ಟೈಲಿಸ್ ರೆಟ್ಯೂಸ'.

ಆದರೆ ತೋಟದಲ್ಲಿ ಈ ಗಿಡಕ್ಕೆ ಒಂದು ಅಪವಾದವಿದೆ. ಮರವನ್ನು ಹೀರುವ ಬಂದಣಿಕೆಯೆಂದೇ ತಿಳಿದು ಇದನ್ನು ಕತ್ತಿಯಿಂದ ಸವರಿಹಾಕುವವರುಂಟು. ಬಂದಣಿಕೆಯು ಕೊಂಬೆಯೊಳಗೆ ಬೇರನ್ನು ಚುಚ್ಚಿ ಮರದ ಸಾರವನ್ನು ಕದಿಯುತ್ತದೆ. ಸೀತಾಳೆಯ ಬೇರು ತೊಗಟೆಯನ್ನು ತಬ್ಬುತ್ತದೆಯೇ ಹೊರತು ಒಳಹೊಗುವುದಿಲ್ಲ. ಮಳೆನೀರು, ಮಂಜು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಪುಡಿಯೇ ಅದರ ಆಹಾರ. ಅದು ಬಿಡಾರ ಹೂಡಿದ ಅತಿಥಿ, ಕಳ್ಳನಲ್ಲ.

ಸವರಿದ ಗಿಡದ ಜಾಗದಲ್ಲಿ ಇನ್ನೊಂದು ಸುಲಭವಾಗಿ ಹುಟ್ಟುವುದೂ ಇಲ್ಲ. ಧೂಳಿನಷ್ಟು ಸಣ್ಣದಾದ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯಿಲ್ಲ. ತಕ್ಕ ಶಿಲೀಂಧ್ರವೊಂದು ಜೊತೆಗೂಡಿದರೆ ಮಾತ್ರ ಅದು ಚಿಗುರುತ್ತದೆ. ಹೂಬಿಡುವುದಕ್ಕೆ ಮತ್ತೆ ಹಲವು ವರ್ಷಗಳು ಬೇಕು. ಹಳೆಯ ಮರವೊಂದು ಉರುಳಿದರೆ ಎಷ್ಟೋ ವರ್ಷಗಳ ಬಾಳು ಅದರೊಡನೆ ನೆಲಕ್ಕೆ ಬಿದ್ದು ಕೊಳೆಯುತ್ತದೆ.

ಗಾಳಿಮಳೆಗೆ ಕೊಂಬೆ ಮುರಿದು ಬಿದ್ದಾಗ, ಅದರಲ್ಲಿದ್ದ ಗಿಡವನ್ನೆತ್ತಿ ತೆಂಗಿನ ನಾರಿನಿಂದ ಪಕ್ಕದ ಮರಕ್ಕೆ ಕಟ್ಟಿದರೆ ಸಾಕು. ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಬೇರುಗಳು ತೊಗಟೆಯನ್ನು ಅಪ್ಪಿಕೊಳ್ಳತೊಡಗುತ್ತವೆ. ನಿಂತ ಮರದಲ್ಲಿರುವುದನ್ನು ಇದ್ದಲ್ಲೇ ಬಿಡುವುದಂತೂ ಇನ್ನೂ ಸುಲಭ.