ಕೆಂಪು ಕನ್ನಡಕ

ಬ್ಯಾಡಗಿ ಪೇಟೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದವನು ನಾನು. ಮೆಣಸಿನಕಾಯಿಯ ಚೀಲ ಬಿಚ್ಚುತ್ತಲೇ ಇದರ ಬಣ್ಣ ನಿಂತೀತೋ ಇಲ್ಲವೋ ಎಂದು ಹೇಳಬಲ್ಲೆನೆಂಬ ಜಂಬವೂ ನನಗಿತ್ತು. ನಮ್ಮ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕೆಂಪಿಗೆ. ಅಂಥವನ ಮೊಮ್ಮಗ, ನಾಲ್ಕು ವರ್ಷದ ಪೋರ, ಮೋಟೆಬೆನ್ನೂರಿನ ನಮ್ಮ ಕಣದಲ್ಲಿ ಹರವಿದ್ದ ಕಾಯಿಯನ್ನು ನೋಡಿ, "ಅಜ್ಜಾ, ಇಷ್ಟೊಂದು ಇದ್ದಲಿ ಯಾಕ ಒಣಗಾಕ ಹಾಕೀ?" ಎಂದು ಕೇಳಿದ.

ಎಲ್ಲರೂ ನಕ್ಕೆವು. ಮಗಳು ಮಾತ್ರ ನಗಲಿಲ್ಲ.

ಹುಡುಗನ ಕಣ್ಣುಗುಡ್ಡೆಗಳು ಕೂಸಿದ್ದಾಗಿನಿಂದ ನಡುಗುತ್ತಿದ್ದವು. ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿ ಅಳುವನು. ಹೊತ್ತು ಮುಳುಗಿತೆಂದರೆ ಓಣಿಯೆಲ್ಲ ಅವನದೇ. "ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು," ಎಂದು ನನ್ನ ಅತ್ತೆ ತೀರ್ಪು ಕೊಟ್ಟಿದ್ದಳು. ಈ ಮುದುಕಿ ನನ್ನ ಮಗಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಮಗಳನ್ನು ನಾನು ಅವಳ ಸೋದರಮಾವನಿಗೇ ಕೊಟ್ಟಿದ್ದೆ. ನಾಲ್ಕು ವರ್ಷ ಮಗಳು ಆ ಮಾತನ್ನು ರೊಟ್ಟಿಯ ಜೊತೆ ನುಂಗಿದಳು. ನಾನೂ ಸುಮ್ಮನಿದ್ದೆ.

ಕೊನೆಗೆ ಹುಬ್ಬಳ್ಳಿಯ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಕಣ್ಣಿನ ಒಳಪರದೆಯಲ್ಲಿ ಮಬ್ಬು ಬೆಳಕಿಗೆ ದಂಡಕೋಶಗಳು, ಹಗಲಿಗೂ ಬಣ್ಣಕ್ಕೂ ಶಂಕುಕೋಶಗಳು. ಶಂಕುಕೋಶದ ಗೋಡೆಯಲ್ಲಿ ಸಣ್ಣ ಬಾಗಿಲುಗಳಿವೆ. ಬೆಳಕು ಬಿದ್ದಾಗ ಅವು ಮುಚ್ಚಿಕೊಂಡರೆ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಆ ಬಾಗಿಲಿನ ಒಂದು ಭಾಗವನ್ನು ಮಾಡಿಸುವ ವಂಶವಾಹಿಗೆ ಸಿ.ಎನ್.ಜಿ.ಬಿ. 3 ಎಂದು ಹೆಸರು. (ಲಾರಿಯ ನಂಬರಿನ ಹಾಗಿದೆ!) ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಬರುತ್ತವೆ. ಒಂದು ಕೆಟ್ಟಿದ್ದರೆ ಇನ್ನೊಂದು ಸಂಸಾರ ತೂಗಿಸುತ್ತದೆ. ಎರಡೂ ಕೆಟ್ಟರೆ ಬಣ್ಣವೇ ಇಲ್ಲ. ಕೆಂಪಂತೂ ಕಪ್ಪಿನಂತೆ ತೋರುತ್ತದೆ.

ಪೆಸಿಫಿಕ್ ಸಾಗರದ ಪಿಂಗೆಲಾಪ್ ಎಂಬ ನಡುಗಡ್ಡೆಯ ಕಥೆಯನ್ನೂ ಅವರು ಹೇಳಿದರು. 1775ರ ಸುಮಾರಿನ ಬಿರುಗಾಳಿಯಲ್ಲಿ ಅಲ್ಲಿ ಉಳಿದವರು ಇಪ್ಪತ್ತರಷ್ಟು ಜನ. ಒಳಗೊಳಗೇ ಮದುವೆಗಳಾಗಿ, ಆ ಜನರಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಇದೇ ಕಣ್ಣು. ಅವರಿಗೆ ಬೇರೆ ದಾರಿಯಿರಲಿಲ್ಲ. ನನಗೆ ಯಾವ ಬಿರುಗಾಳಿ ಬಡಿದಿತ್ತು? ಎಂಟೆಕರೆ ಎರಿ ಹೊಲ ಹೊರಗೆ ಹೋಗಬಾರದೆಂದು ಮಾಡಿದ ಸಂಬಂಧ ಅದು.

ಆ ರಾತ್ರಿ ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳಿದೆ: ಗ್ರಹಣದ ಮಾತು ಸುಳ್ಳು, ಕೆಟ್ಟ ಪ್ರತಿ ಅಳಿಯನಿಗೂ, ನನ್ನ ಹೆಂಡತಿಯ ಮೂಲಕ ಮಗಳಿಗೂ ಒಂದೇ ಮನೆಯಿಂದ ಬಂದದ್ದು, ಮುಂದಿನ ಕೂಸಿಗೂ ನಾಲ್ಕರಲ್ಲೊಂದು ಪಾಲು ಭಯವಿದೆ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನಂದ ಏನು?" ಎಂದಳು.

"ಹೊತ್ತಾತು, ಉಣ್ಣು ಬಾ ಬೇ," ಎಂದು ಮಗಳು ತಾಟು ಇಟ್ಟಳು.

ಹುಡುಗನಿಗೀಗ ಕಡುಗೆಂಪು ಗಾಜಿನ ಕನ್ನಡಕ ಬಂದಿದೆ. ದಂಡಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗದಂತೆ. ಆದ್ದರಿಂದ ಬಿಸಿಲಿನ ಹೊಡೆತ ಇಳಿಯುತ್ತದೆ. ನಿನ್ನೆ ನಡುಮಧ್ಯಾಹ್ನ ಅದನ್ನು ಹಾಕಿಕೊಂಡು ಕಣಕ್ಕೆ ಬಂದವನು ಎರಡು ಕಾಯಿ ಹೆಕ್ಕಿ, ಬೆರಳಿನಿಂದ ಸವರಿ, "ಇದು ಕಡ್ಡಿ. ಇದು ಡಬ್ಬಿ," ಎಂದ.

ಎರಡೂ ಸರಿಯಾಗಿದ್ದವು.