ಒಂದ ಬಕೆಟ್ ಬಿಸಿನೀರಿನ ಲೆಕ್ಕ

ಧಾರವಾಡದಾಗ ಥಂಡಿ ಶುರು ಆತಂದ್ರ ಎಲ್ಲಾರ ಮನ್ಯಾಗೂ ಒಂದ ಮಾತು: ಗೀಸರ್ ಬಂದ್ ಮಾಡ್ರಿ, ಬಿಲ್ ಏರತದ. ಗೃಹಜ್ಯೋತಿ ಇದ್ರೂ ತಿಂಗಳಿಗೆ 200 ಯುನಿಟ್ ದಾಟಿದ್ರ ಪೂರಾ ಬಿಲ್ ನಾವ ಕಟ್ಟಬೇಕಲ್ಲ. ಹೋದ ಡಿಸೆಂಬರದಾಗ ನಮ್ಮದು ದಾಟಿತ್ತು. ಊಟಕ್ಕ ಕೂತಾಗ ಮನಿಯವರು ಬಿಲ್ಲನ್ನ ಎಲ್ಲಾರ ಮುಂದ ಜೋರಾಗಿ ಓದಿದ್ರು. ನಮ್ಮತ್ತಿಯವರು ಏನೂ ಅನ್ನಲಿಲ್ಲ, ಮಜ್ಜಿಗಿ ಅನ್ನ ಉಂಡು ಎದ್ರು.

ನಾಕ ದಿನ ಬಿಟ್ಟು, ಅವರು ಜಳಕ ಮಾಡಿ ಬಂದಾಗ ನಿರಿಗಿ ಹಿಡಿಲಿಕ್ಕೆ ಹೋದೆ. ಅವರ ಕೈ ತಗಲಿದ್ರ ಕೊರಿಯೋ ಹಂಗ ತಣ್ಣಗ. “ಬಿಸಿನೀರು ಬರಲಿಲ್ಲೇನ್ರಿ ಅತ್ತಿ?” ಅಂದೆ. “ನಂಗ ತಣ್ಣೀರ ಹಿತ ಅನಸ್ತದವಾ” ಅಂದ್ರು. ಎಪ್ಪತ್ನಾಕ ವರ್ಷದ, ಮೊಣಕಾಲು ನೋವಿನ ಜೀವಕ್ಕ ಥಂಡ್ಯಾಗ ತಣ್ಣೀರು ಹಿತ! ನಿಮ್ಮನ್ಯಾಗೂ ಹಿರಿಯರು ಹಿಂಗಂದ್ರ ಖರೆ ಅಂತ ನಂಬಬ್ಯಾಡ್ರಿ.

ಅವತ್ತ ಲೆಕ್ಕಕ್ಕ ಕೂತೆ. 20 ಲೀಟರ್ ನೀರು 22 ಡಿಗ್ರಿಯಿಂದ 42ಕ್ಕ ಬರಬೇಕಂದ್ರ ಹತ್ತಿರ ಹತ್ತಿರ ಅರ್ಧ ಯುನಿಟ್ ಬೇಕು. ಯುನಿಟ್ಟಿಗೆ 6 ರೂಪಾಯಿ ಹಿಡದ್ರ ಅತ್ತಿಯವರ ಒಂದ ಬಕೆಟ್ ನೀರಿಗೆ 3 ರೂಪಾಯಿ. ಅಷ್ಟಕ್ಕ ಹೋಟೆಲಿನ್ಯಾಗ ಒಂದ ಕಪ್ ಚಾನೂ ಬರಂಗಿಲ್ಲ.

ಹಂಗಾರ ಯುನಿಟ್ ಹೋಗಿದ್ದೆಲ್ಲಿ? ಶಾವರ್ ಕೆಳಗ ಬಕೆಟ್ ಇಟ್ಟು ಗಡಿಯಾರ ನೋಡಿದೆ. ಮೂರ ನಿಮಿಷಕ್ಕ ತುಂಬ್ತು. ನಮ್ಮ ಹುಡುಗ ಹಾಡು ಹಚಗೊಂಡು ಹತ್ತ ನಿಮಿಷ ನಿಂದರ್ತಾನ, ಅಂದ್ರ ಮೂರ ಬಕೆಟ್ ಮ್ಯಾಲೆ. ಒಬ್ಬರ ಜಳಕ ಆರಕ್ಕ, ಇನ್ನೊಬ್ಬರದು ಎಂಟಕ್ಕ, ಮತ್ತೊಬ್ಬರದು ಹತ್ತಕ್ಕ. ಅಲ್ಲೀತನಕ ಸ್ವಿಚ್ ಹಚ್ಚೇ ಇರತದ. ನೀರು ಆರಿದಂಗ ಗೀಸರ್ ಮತ್ತ ಕಾಸತದ. ಅದೂ ಅಲ್ಲದ ಪ್ರತಿ ಸಲ ಪೈಪಿನ್ಯಾಗ ಉಳದ ಬಿಸಿನೀರು ಅಲ್ಲೇ ಆರಿ ಹೋಗತದ.

ಈಗ ನಮ್ಮನಿ ಪದ್ಧತಿ ಹೇಳ್ತೀನಿ. ಗೀಸರಿನ ತಿರುಪು 50 ಡಿಗ್ರಿಗೆ ಇಟ್ಟೇವಿ. ಮೊದಲನೇ ಜಳಕ ಅತ್ತಿಯವರದು, ಅವರ ಹಿಂದ ಸಾಲಾಗಿ ಎಲ್ಲಾರೂ. ಕಡೆಯವರು ಒಳಗ ಹೋಗೋ ಮೊದಲ ಸ್ವಿಚ್ ಬಂದ್. ಟಾಕ್ಯಾಗಿನ ಬಿಸಿನೀರು ಅವರಿಗೆ ಸಾಕಾಗತದ. ಥಂಡಿ ಮುಗಿಯೂತನಕ ಶಾವರ್ ಇಲ್ಲ, ಬಕೆಟ್ಟು ತಂಬಗಿನ. ಮೊದಲ ಬರೋ ತಣ್ಣೀರು ಬ್ಯಾರೆ ಬುಟ್ಟ್ಯಾಗ ಹಿಡದು ಅರಬಿ ಒಗಿಲಿಕ್ಕೆ ಇಡ್ತೀನಿ. ರವಿವಾರ ಎಣ್ಣಿ ನೀರಿಗೆ ಹಿತ್ತಲದಾಗಿನ ಹಳೇ ತಾಮ್ರದ ಬಂಬ್. ಅದಕ್ಕ ತೆಂಗಿನ ಚಿಪ್ಪು, ಒಣಗಿದ ಕಡ್ಡಿ ಸಾಕು. ಜನವರಿ ಬಿಲ್ 200ರ ಒಳಗ ಬಂತು.

ಕಾಯಿಲ್ ಹಾಕಿ ನೀರು ಕಾಸೋರಿಗೆ ಒಂದ ಮಾತು. ಅದರಾಗ ಕರೆಂಟ್ ಹೆಚ್ಚು ಪೋಲ ಆಗಂಗಿಲ್ಲ, ಖರೆ. ಆದ್ರ ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತು, ಆಮ್ಯಾಲ ನೀರಾಗ ಕೈ ಹಾಕ್ರಿ. ಲೋಹದ ಬಕೆಟ್ ಬ್ಯಾಡ. ಸಣ್ಣ ಮಕ್ಕಳಿದ್ದ ಮನ್ಯಾಗ ಬಚ್ಚಲದ ಬಾಗಲಾ ಹಾಕೇ ಇರಲಿ.

ಇನ್ನ ಬಿಲ್ ಬಂದಾಗ ಅದನ್ನ ವಯಸ್ಸಾದವರ ಮುಂದ ಜೋರಾಗಿ ಓದಬ್ಯಾಡ್ರಿ. ಅವರು ಜಗಳ ಆಡಂಗಿಲ್ಲ, ತಮ್ಮ ಪಾಲಿಂದು ಸುಮ್ಮನ ಬಿಟ್ಟು ಬಿಡ್ತಾರ.