ಗುಟ್ಟು ಕಾಯ್ದ ಹುಡುಗಿಯ ಊರು ಲಿವರ್‌ಪೂಲ್

ಇಂಗ್ಲೆಂಡಿಗೆ ಹೋದವರೆಲ್ಲ ಲಂಡನ್ ನೋಡಿಕೊಂಡು ಬರುವುದು ವಾಡಿಕೆ. ನಿಮ್ಮ ಮಗನೋ ಮಗಳೋ ಅಲ್ಲಿದ್ದು ನಿಮ್ಮನ್ನು ಕರೆಸಿಕೊಂಡರೆ, ಒಂದು ದಿನ ಬಿಡುವು ಮಾಡಿಕೊಂಡು ಲಿವರ್‌ಪೂಲಿಗೂ ಹೋಗಿಬನ್ನಿ. ಮರ್ಸಿ ನದಿಯ ದಡದ ಹಳೆಯ ಬಂದರು ಇದು. ಲೈಮ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲಿಳಿದು ಸ್ವಲ್ಪ ದೂರ ನಡೆದರೆ ಮ್ಯಾಥ್ಯೂ ಸ್ಟ್ರೀಟ್ ಸಿಗುತ್ತದೆ. ‘ಅಯ್ಯೋ, ಇಷ್ಟೇನಾ!’ ಅನ್ನಿಸುವಂಥ ಸಣ್ಣ ಬೀದಿ. ಆದರೆ ಬೀಟಲ್ಸ್ ತಂಡ ಹೆಸರು ಮಾಡಿದ್ದು ಇಲ್ಲೇ.

ಬೀಟಲ್ಸ್ ಯಾರು ಅಂತೀರಾ? 1968ರಲ್ಲಿ ಹೃಷಿಕೇಶಕ್ಕೆ, ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದಿದ್ದರಲ್ಲ, ಅದೇ ನಾಲ್ವರು ಹಾಡುಗಾರರು: ಜಾನ್, ಪಾಲ್, ಜಾರ್ಜ್, ರಿಂಗೋ. ಪಂಡಿತ್ ರವಿಶಂಕರರಿಂದ ಸಿತಾರ್ ಕಲಿತ ಜಾರ್ಜ್ ಹ್ಯಾರಿಸನ್ ಇವರಲ್ಲೊಬ್ಬ.

ಈ ಬೀದಿಯಲ್ಲಿ ಆಗ ಹಣ್ಣಿನ ಉಗ್ರಾಣಗಳಿದ್ದವು. ಅಂಥದೊಂದು ಕಟ್ಟಡದ ನೆಲಮಾಳಿಗೆಯಲ್ಲಿ 1957ರಲ್ಲಿ ‘ಕ್ಯಾವರ್ನ್’ ಕ್ಲಬ್ ಶುರುವಾಯಿತು. ಕ್ಯಾವರ್ನ್ ಎಂದರೆ ಗವಿ. ಹೆಸರಿಗೆ ತಕ್ಕ ಹಾಗೆ ಇಟ್ಟಿಗೆಯ ಕಮಾನುಗಳು, ಸೆಕೆ, ಜನರ ಉಸಿರಿಗೇ ಒದ್ದೆಯಾಗುವ ಗೋಡೆಗಳು. ಮದ್ಯ ಮಾರುತ್ತಿರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಫೀಸಿನ ಹುಡುಗ ಹುಡುಗಿಯರು ಓಡಿಬಂದು, ಸೂಪು, ಕಾಫಿ ಕುಡಿಯುತ್ತ ಹಾಡು ಕೇಳಿ, ಗಂಟೆಯಾದೊಡನೆ ಕೆಲಸಕ್ಕೆ ಮರಳುತ್ತಿದ್ದರು. ಬೀಟಲ್ಸ್ ಇಲ್ಲಿ 250ಕ್ಕೂ ಹೆಚ್ಚು ಸಲ ಹಾಡಿದ್ದಾರೆ. ಬಂದವರ ಕೋಟುಗಳನ್ನು ತೆಗೆದಿಡುವ ಕೆಲಸ ಮಾಡುತ್ತಿದ್ದ ಸಿಲ್ಲಾ ಬ್ಲ್ಯಾಕ್ ಎಂಬ ಹುಡುಗಿ ಮುಂದೆ ತಾನೇ ಹೆಸರಾಂತ ಗಾಯಕಿಯಾದಳು. 2017ರಲ್ಲಿ ಇದೇ ಬೀದಿಯಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು.

ಒಂದು ಮಾತು ತಿಳಿದಿರಲಿ. ನೀವು ಈಗ ಇಳಿಯುವುದು ಹಳೆಯ ನೆಲಮಾಳಿಗೆಗಲ್ಲ. ಅದನ್ನು 1973ರಲ್ಲಿ ರೈಲ್ವೆ ಕೆಲಸಕ್ಕೆಂದು ಮುಚ್ಚಿಸಿದರು. ಹಳೆಯ ಇಟ್ಟಿಗೆಗಳನ್ನೇ ಸಾವಿರಾರು ಬಳಸಿ 1984ರಲ್ಲಿ ಮತ್ತೆ ಕಟ್ಟಿದರು.

ಆ ಮಧ್ಯಾಹ್ನದ ಗುಂಪಿನಲ್ಲಿ ಫ್ರೀಡಾ ಕೆಲ್ಲಿ ಎಂಬ ಟೈಪಿಸ್ಟ್ ಹುಡುಗಿಯೂ ಇದ್ದಳು. ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇವಳ ಕಥೆಯನ್ನೇ. ಹತ್ತಿರದ ವೈಟ್‌ಚಾಪೆಲ್ ಬೀದಿಯಲ್ಲಿ ಬ್ರಯಾನ್ ಎಪ್‌ಸ್ಟೀನ್ ಮನೆತನದ ರೆಕಾರ್ಡಿನ ಅಂಗಡಿಯಿತ್ತು. ಆತ ಬೀಟಲ್ಸ್‌ನ ವ್ಯವಹಾರ ವಹಿಸಿಕೊಂಡ ಮೇಲೆ, ಹದಿನೇಳರ ಫ್ರೀಡಾಳನ್ನು ಕಾರ್ಯದರ್ಶಿಯಾಗಿ ಸೇರಿಸಿಕೊಂಡ. ಅಭಿಮಾನಿ ಸಂಘದ ಕಾಗದಪತ್ರವೂ ಅವಳ ಪಾಲಿಗೇ ಬಂತು. ಪಾಪ, ಏನೂ ಅರಿಯದೆ ಸಂಘಕ್ಕೆ ತನ್ನ ಮನೆಯ ವಿಳಾಸವನ್ನೇ ಕೊಟ್ಟುಬಿಟ್ಟಳು! ಕಾಗದಗಳ ರಾಶಿ ಬಂದು ಬಿದ್ದು, ಮನೆಯ ಬಿಲ್ಲುಗಳೇ ಸಿಗದಂತಾಗಿ ತಂದೆ ರೇಗಿಕೊಂಡರಂತೆ.

ಅಭಿಮಾನಿಗಳ ಬೇಡಿಕೆಗಳೋ, ಕೇಳಬೇಡಿ! ಒಬ್ಬಳು ದಿಂಬಿನ ಚೀಲ ಕಳಿಸಿ, ರಿಂಗೋ ಅದರ ಮೇಲೆ ತಲೆಯಿಟ್ಟು ಮಲಗಲಿ ಅಂದಳು. ಫ್ರೀಡಾ ಅದನ್ನು ರಿಂಗೋನ ತಾಯಿ ಎಲ್ಸಿಗೆ ಕೊಟ್ಟು, ಕೆಲಸ ಆಗುವಂತೆ ನೋಡಿಕೊಂಡಳು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಅವಳಿಗೆ ಎಲ್ಸಿಯೇ ತಾಯಿಯಂತಾದಳು. ಕೂದಲು ಬೇಕೆಂದವರಿಗೆ ಅವರವರ ಕೂದಲನ್ನೇ ಕಳಿಸುತ್ತಿದ್ದಳು. ಸಹಾಯಕ್ಕಿದ್ದ ಹುಡುಗಿ ಬೇರೆ ಯಾರದೋ ಕೂದಲು ಹಾಕಿದ್ದು ತಿಳಿದಾಗ ಕೆಲಸದಿಂದಲೇ ಬಿಡಿಸಿದಳು. ‘ಒಂದೆಳೆ ಕೂದಲಿಗೆ ಇಷ್ಟು ರಂಪವೇ?’ ಅನ್ನಬೇಡಿ. ದೂರದಲ್ಲಿ ಕುಳಿತ ಹುಡುಗಿಯೊಬ್ಬಳು ನಂಬಿ ಕಾದಿರುತ್ತಾಳಲ್ಲ, ಆ ನಂಬಿಕೆಗೆ ಬೆಲೆಯಿಲ್ಲವೇ?

ಕಚೇರಿ ಲಂಡನ್ನಿಗೆ ಹೋದಾಗ ತಂದೆ ಒಪ್ಪದ್ದರಿಂದ ಅವಳು ಲಿವರ್‌ಪೂಲಿನಲ್ಲೇ ಉಳಿದು ಕೆಲಸ ಮುಂದುವರಿಸಿದಳು. 1967ರಲ್ಲಿ ಎಪ್‌ಸ್ಟೀನ್ ತೀರಿಕೊಂಡ, 1970ರಲ್ಲಿ ತಂಡ ಒಡೆಯಿತು, 1972ರಲ್ಲಿ ಸಂಘವೂ ಮುಚ್ಚಿತು. ಸಹಿಗಳು, ಚಿತ್ರಗಳು, ನೆನಪಿನ ವಸ್ತುಗಳು ಕೈಯಲ್ಲಿದ್ದವು; ಮಾರಿದ್ದರೆ ದುಡ್ಡಿನ ರಾಶಿಯೇ ಬೀಳುತ್ತಿತ್ತು. ಅವಳು ಬಹುಪಾಲನ್ನು ಅಭಿಮಾನಿಗಳಿಗೇ ಹಂಚಿ, ನಾಲ್ಕಾರು ಪೆಟ್ಟಿಗೆಗಳನ್ನಷ್ಟೇ ಅಟ್ಟದ ಮೇಲಿಟ್ಟಳು. ಒಳಗಿನ ಸಂಗತಿಗಳನ್ನು ಪುಸ್ತಕ ಮಾಡಿ ಮಾರಲಿಲ್ಲ. ದುಡ್ಡು ಬೇಕಿರಲಿಲ್ಲವೇ? ಬೇಕಿತ್ತು. ಅಜ್ಜಿಯಾದ ಮೇಲೂ ಆಫೀಸಿನಲ್ಲಿ ಕಾರ್ಯದರ್ಶಿಯಾಗಿ ದುಡಿಯುತ್ತಿದ್ದರು.

ಕೊನೆಗೆ ಬಾಯಿ ಬಿಟ್ಟದ್ದು ಮೊಮ್ಮಗನಿಗೋಸ್ಕರ. ಅಜ್ಜಿ ಏನು ಮಾಡಿದ್ದಳೆಂದು ಅವನಿಗೆ ಗೊತ್ತಿರಲಿ ಎಂಬ ಆಸೆ. ಹಾಗೆ 2013ರಲ್ಲಿ ‘ಗುಡ್ ಓಲ್ ಫ್ರೀಡಾ’ ಎಂಬ ಸಾಕ್ಷ್ಯಚಿತ್ರ ಬಂತು. ಅದರಲ್ಲೂ ಯಾರ ಮನೆಯ ಗುಟ್ಟನ್ನೂ ಬೀದಿಗೆ ತರಲಿಲ್ಲ. ನಂಬಿದವರ ಮಾತನ್ನು ನಾಲ್ಕು ದಶಕ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು, ತುಂಬಿದ ಮನೆಯಲ್ಲಿ ಬಾಳಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲವೇ?

ಲಿವರ್‌ಪೂಲಿಗೆ ಹೊರಡುವ ಮುನ್ನ ಸಾಧ್ಯವಾದರೆ ಆ ಚಿತ್ರ ನೋಡಿ. ಮ್ಯಾಥ್ಯೂ ಸ್ಟ್ರೀಟಿನಲ್ಲಿ ಪ್ರತಿಮೆಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಮೇಲೆ, ವೈಟ್‌ಚಾಪೆಲ್ ಕಡೆಗೂ ನಾಲ್ಕು ಹೆಜ್ಜೆ ಹಾಕಿ. ಹಳೆಯ ಅಂಗಡಿ ಈಗಿಲ್ಲ. ಆದರೂ ಕಾಗದದ ಚೀಲ ಹೊತ್ತು ಅವಸರದಲ್ಲಿ ನಡೆಯುತ್ತಿದ್ದ ಹುಡುಗಿ ನಿಮಗೆ ನೆನಪಾದಾಳು.